ಗದ್ದೆಯ ಹುಳುವೂ ನಮ್ಮ ತೀರ್ಪೂ



ನಮ್ಮ ರೈತರ ಬಾಯಲ್ಲಿ ದಿನನಿತ್ಯ ಕೇಳಿಬರುವ ಒಂದು ಮಾತನ್ನು ನೀವು ಗಮನಿಸಿರಬಹುದು. ಭತ್ತದ ಗದ್ದೆಗೆ ಕೀಟನಾಶಕ ಸಿಂಪಡಿಸಿ ಬಂದವರು 'ವಿಷ ಹಾಕಿ ಬಂದೆ' ಎನ್ನುವುದಿಲ್ಲ. 'ಔಷಧಿ ಹೊಡೆದು ಬಂದೆ' ಎನ್ನುತ್ತಾರೆ. ಅಂಗಡಿಯವರು ಮಾರುವುದೂ ಔಷಧಿಯೆಂದೇ. ಡಬ್ಬಿಯ ಮೇಲೆ ಅಚ್ಚಾಗಿರುವ ಬಣ್ಣದ ತ್ರಿಕೋನ ಮಾತ್ರ ಬೇರೆ ಸತ್ಯವನ್ನು ಹೇಳುತ್ತಿರುತ್ತದೆ. ಇನ್ನೊಂದು ಪದ 'ಪೀಡೆ'. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಬೆಳೆಯನ್ನು ಕೆಡಿಸುವ ಕೀಟಗಳಿಗೆ ಇದೇ ಹೆಸರು. ಇದೇ ಪದವನ್ನು ನಾವು ದೆವ್ವಕ್ಕೂ, ವಾಸಿಯಾಗದ ಕಾಯಿಲೆಗೂ, ಮನೆಬಾಗಿಲು ಬಿಟ್ಟು ಕದಲದ ಮನುಷ್ಯನಿಗೂ ಬಳಸುತ್ತೇವೆ. ಹುಳುವಿಗೆ ಪೀಡೆಯೆಂದೂ ವಿಷಕ್ಕೆ ಔಷಧಿಯೆಂದೂ ಹೆಸರಿಟ್ಟಾದ ಮೇಲೆ ಉಳಿಯುವುದು ಕೈಯ ಕೆಲಸವೊಂದೇ. ಯೋಚಿಸುವ ಕೆಲಸವನ್ನು ಪದಗಳೇ ಮುಗಿಸಿಬಿಟ್ಟಿರುತ್ತವೆ.

ಹುಳುವನ್ನು ಕೊಲ್ಲುವುದು ಪಾಪವೇ ಎಂದು ನಾನಿಲ್ಲಿ ಕೇಳುತ್ತಿಲ್ಲ. ಆ ಪ್ರಶ್ನೆಗೆ ಧರ್ಮಸಭೆಯ ಪರಂಪರೆಯಲ್ಲಿ ಉತ್ತರ ಸ್ಪಷ್ಟವಾಗಿದೆ. ಸಸ್ಯಗಳನ್ನೂ ಪ್ರಾಣಿಗಳನ್ನೂ ಮನುಷ್ಯನು ತನ್ನ ಅಗತ್ಯಕ್ಕಾಗಿ ಉಪಯೋಗಿಸಿಕೊಳ್ಳುವುದು ತಪ್ಪಲ್ಲವೆಂದು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ವಾದಿಸಿದ್ದಾರೆ. ಹಸಿದ ಮಕ್ಕಳಿರುವ ಮನೆಯ ಯಜಮಾನನಿಗೆ ಬೆಳೆಯನ್ನು ಕಾಯುವ ಹಕ್ಕಿದೆಯೇ ಎಂಬುದು ಚರ್ಚೆಯ ವಿಷಯವೇ ಅಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ಜೀವಿಯನ್ನು ಶತ್ರುವೆಂದು ತೀರ್ಮಾನಿಸುವ ಮುನ್ನ ಅದರ ಬಗ್ಗೆ ನಾವು ಎಷ್ಟನ್ನು ತಿಳಿದಿರಬೇಕು? ತಿಳಿಯುವ ಶ್ರಮವನ್ನೇ ಪಡದೆ ಕೊಟ್ಟ ಏಟಿಗೆ ಹೊಣೆ ಯಾರು? ಕಳೆದ ಅರ್ಧ ಶತಮಾನದಲ್ಲಿ ಏಷ್ಯದ ಭತ್ತದ ಗದ್ದೆಗಳಲ್ಲಿ ನಡೆದ ಕೀಟಾಧ್ಯಯನದ ಕಥೆ ಈ ಪ್ರಶ್ನೆಯ ಮೇಲೆ ಚೆಲ್ಲಿರುವ ಬೆಳಕನ್ನು ನೀತಿಶಾಸ್ತ್ರದ ಅನೇಕ ದಪ್ಪ ಗ್ರಂಥಗಳೂ ಚೆಲ್ಲಿಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಸಂತ ಅಗಸ್ಟೀನರ ಒಂದು ಹೋಲಿಕೆಯನ್ನು ನೆನಪಿಸಿಕೊಳ್ಳೋಣ. ಯೌವನದಲ್ಲಿ ಅವರು ಒಂಬತ್ತು ವರ್ಷ ಮನಿಕೇಯ ಪಂಥದ ಅನುಯಾಯಿಯಾಗಿದ್ದರು. ಕೆಡುಕೆಂಬುದಕ್ಕೆ ಪ್ರತ್ಯೇಕವಾದ ಮೂಲವಿದೆ, ಹಾನಿಕರ ಜೀವಿಗಳು ಒಳ್ಳೆಯ ದೇವರ ಸೃಷ್ಟಿಯಾಗಿರಲಾರವು ಎಂಬುದು ಆ ಪಂಥದವರ ವಾದ. ಕ್ರೈಸ್ತರಾದ ಮೇಲೆ, ಸುಮಾರು ಕ್ರಿ.ಶ. 388ರ ಹೊತ್ತಿಗೆ, ಆದಿಕಾಂಡದ ಮೇಲೆ ಬರೆದ ಗ್ರಂಥದಲ್ಲಿ ಅವರು ಈ ವಾದಕ್ಕೆ ಉತ್ತರ ಕೊಟ್ಟರು. ಇಲಿ, ಕಪ್ಪೆ, ನೊಣ, ಹುಳುಗಳನ್ನು ದೇವರು ಏಕೆ ಸೃಷ್ಟಿಸಿದರೆಂದು ತಮಗೆ ತಿಳಿಯದೆಂದು ನೇರವಾಗಿ ಒಪ್ಪಿಕೊಂಡರು. ಆದರೆ ಪ್ರತಿಯೊಂದೂ ತನ್ನ ಜಾತಿಯಲ್ಲಿ ಸುಂದರವಾಗಿರುವುದನ್ನು ಕಾಣುತ್ತೇನೆಂದರು. ಆಮೇಲೆ ಬರುವುದೇ ಆ ಹೋಲಿಕೆ. ಕಸುಬು ತಿಳಿಯದವನೊಬ್ಬ ಕುಶಲಕರ್ಮಿಯ ಕಾರ್ಯಾಗಾರಕ್ಕೆ ಹೋದರೆ, ಉಪಯೋಗ ಗೊತ್ತಿಲ್ಲದ ನೂರಾರು ಸಲಕರಣೆಗಳು ಅವನ ಕಣ್ಣಿಗೆ ಬೀಳುತ್ತವೆ. ಮೂಢನಾದರೆ ಅವೆಲ್ಲ ವ್ಯರ್ಥವೆಂದುಕೊಳ್ಳುತ್ತಾನೆ. ಕುಲುಮೆಗೆ ಬಿದ್ದು ಸುಟ್ಟುಕೊಂಡರೆ, ಹರಿತವಾದ ಉಪಕರಣವನ್ನು ಮುಟ್ಟಿ ಕೈ ಕೊಯ್ದುಕೊಂಡರೆ, ಇಲ್ಲಿ ಹಾನಿಕರ ವಸ್ತುಗಳೂ ತುಂಬಿವೆಯೆಂದು ದೂರುತ್ತಾನೆ. ಅವುಗಳ ಉಪಯೋಗ ಬಲ್ಲ ಯಜಮಾನ ನಕ್ಕು ತನ್ನ ಕೆಲಸ ಮುಂದುವರಿಸುತ್ತಾನೆ. ಗುರುಮಠದಲ್ಲಿ ಇದನ್ನು ನಮಗೆ ಕಲಿಸುವಾಗ ಇದು ಸೃಷ್ಟಿಯ ಒಳ್ಳೆಯತನದ ಬಗೆಗಿನ ಸುಂದರವಾದ ಉಪಮೆಯಾಗಿತ್ತು, ಅಷ್ಟೆ. ಹದಿನಾರು ಶತಮಾನಗಳ ಅನಂತರ ಅದೇ ಉಪಮೆಯನ್ನು ಕೆಸರುಗದ್ದೆಯಲ್ಲಿ ನಿಂತು ಪರೀಕ್ಷಿಸಿ ನೋಡುವವರಿದ್ದಾರೆಂದು ಆಗ ಯಾರಿಗೆ ಗೊತ್ತಿತ್ತು?

ಕಂದು ಜಿಗಿಹುಳುವನ್ನು ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಪರಿಚಯಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಅಕ್ಕಿಕಾಳಿಗಿಂತಲೂ ಚಿಕ್ಕದಾದ ಈ ಕೀಟ ಭತ್ತದ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ನೆರಳಿನಲ್ಲಿ ಕುಳಿತು ರಸ ಹೀರುತ್ತದೆ. ಮೇಲಿನಿಂದ ನೋಡಿದರೆ ಗದ್ದೆ ಹಸಿರಾಗಿಯೇ ಇರುತ್ತದೆ. ಒಂದು ದಿನ ನಡುಗದ್ದೆಯಲ್ಲಿ ಗುಂಡಗೆ ಒಂದಿಷ್ಟು ಜಾಗ ಬೆಂಕಿ ತಗುಲಿದಂತೆ ಒಣಗಿ ನಿಲ್ಲುತ್ತದೆ. ಆ ಸುತ್ತು ದಿನೇ ದಿನೇ ಅಗಲವಾಗುತ್ತದೆ. ಹೆಣ್ಣುಹುಳು ಎಲೆಯ ತೊಟ್ಟಿನ ಕವಚವನ್ನು ಸೀಳಿ ಅದರೊಳಗೆ ಮೊಟ್ಟೆ ಇಡುತ್ತದೆ. ಇವುಗಳಲ್ಲಿ ಗಿಡ್ಡ ರೆಕ್ಕೆಯವೂ ಇವೆ, ಉದ್ದ ರೆಕ್ಕೆಯವೂ ಇವೆ. ಆಹಾರ ಸಮೃದ್ಧವಾಗಿರುವಾಗ ಗಿಡ್ಡ ರೆಕ್ಕೆಯವೇ ಹೆಚ್ಚು. ಅವು ಹಾರುವ ಗೊಡವೆಗೆ ಹೋಗದೆ ಮೊಟ್ಟೆಯಿಡುತ್ತಾ ಇರುತ್ತವೆ. ಸಂದಣಿ ಹೆಚ್ಚಿ ಬುಡ ಒಣಗತೊಡಗಿದಾಗ ಉದ್ದ ರೆಕ್ಕೆಯ ಪೀಳಿಗೆ ಹುಟ್ಟಿ ಗಾಳಿಯನ್ನೇರಿ ಹೊರಡುತ್ತದೆ. ಎಷ್ಟು ದೂರವೆಂದರೆ, 1967ರ ಜುಲೈಯಲ್ಲಿ ಜಪಾನಿನ ದಕ್ಷಿಣಕ್ಕೆ ನಡುಸಮುದ್ರದಲ್ಲಿ ನಿಂತಿದ್ದ ಹವಾಮಾನ ವೀಕ್ಷಣೆಯ ಹಡಗೊಂದು ಈ ಜಾತಿಯ ಹುಳುಗಳ ದೊಡ್ಡ ಹಿಂಡಿಗೆ ಎದುರಾಯಿತು. ಅವು ಸಮುದ್ರ ದಾಟಿ ಜಪಾನಿಗೆ ಬರುತ್ತವೆಂಬುದಕ್ಕೆ ವಿಜ್ಞಾನಿಗಳಿಗೆ ಸಿಕ್ಕ ಬಲವಾದ ಸಾಕ್ಷ್ಯ ಅದು.

ಇಷ್ಟಾದರೂ ಉಷ್ಣವಲಯದ ದೇಶಗಳಲ್ಲಿ 1960ರ ದಶಕದವರೆಗೆ ಇದು ಲೆಕ್ಕಕ್ಕೆ ಬಾರದ ಕೀಟವಾಗಿತ್ತು. ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್ 8 ಎಂಬ ಹೆಚ್ಚು ಇಳುವರಿಯ ತಳಿಯನ್ನು ಬಿಡುಗಡೆ ಮಾಡಿತು. ಹೊಸ ತಳಿಗಳೊಂದಿಗೆ ರಸಗೊಬ್ಬರ ಬಂತು, ವರ್ಷಕ್ಕೆ ಎರಡು ಮೂರು ಬೆಳೆ ಬಂತು, ಕೀಟನಾಶಕವೂ ಬಂತು. ಕ್ಷಾಮದ ಭೀತಿಯಿಂದ ಏಷ್ಯವನ್ನು ಪಾರುಮಾಡಿದ ಆ ಪ್ರಯತ್ನವನ್ನು ಹಗುರವಾಗಿ ಟೀಕಿಸುವವರ ಜೊತೆ ನಾನು ಸೇರಲಾರೆ. ಆದರೆ ಅದರ ಬೆನ್ನಲ್ಲೇ ಕಂದು ಜಿಗಿಹುಳು ದೇಶದಿಂದ ದೇಶಕ್ಕೆ ಬೆಳೆಯನ್ನು ಸುಡುತ್ತಾ ಹೋಯಿತೆಂಬುದೂ ನಿಜ. ನಮ್ಮ ನೆರೆಯ ಕೇರಳದಲ್ಲಿ 1973-74ರಲ್ಲಿ ಭಾರಿ ಹಾನಿಯಾಯಿತು. ಹುಳುವನ್ನು ತಡೆಯಬಲ್ಲ ಐಆರ್ 26 ತಳಿ 1973ರಲ್ಲಿ ಬಂದಿತಾದರೂ ಕೆಲವೇ ವರ್ಷಗಳಲ್ಲಿ ಹುಳು ಅದನ್ನೂ ಜೀರ್ಣಿಸಿಕೊಂಡಿತು. ಎಲ್ಲೆಡೆಯೂ ಸಿಕ್ಕ ಸಲಹೆ ಒಂದೇ: ಇನ್ನೂ ಹೊಡೆಯಿರಿ.

ಆಗ ಕೆಲವರು ಎಣಿಸಲು ಕುಳಿತರು. ಗದ್ದೆಯ ಕೀಟಗಳನ್ನು ಎಣಿಸುವುದು ಕೇಳಿದಷ್ಟು ಸುಲಭವಲ್ಲ. ರಾತ್ರಿ ದೀಪವಿಟ್ಟು ಬಲೆಯೊಡ್ಡಿದರೆ ಬೆಳಕಿಗೆ ಹಾರಿಬರುವವು ಮಾತ್ರ ಸಿಗುತ್ತವೆ. ಜೇಡ ದೀಪಕ್ಕೆ ಬರುವುದಿಲ್ಲ, ಗಿಡ್ಡ ರೆಕ್ಕೆಯ ಜಿಗಿಹುಳುವೂ ಬರುವುದಿಲ್ಲ. ಬಟ್ಟೆಯ ಬಲೆಯನ್ನು ಪೈರಿನ ಮೇಲೆ ಬೀಸಿದರೆ ಗರಿಯ ಮೇಲಿರುವವು ಸಿಗುತ್ತವೆ, ಬುಡದಲ್ಲಿರುವವು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಬದುವಿನ ಮೇಲೆ ನಿಂತು ನೋಡದೆ, ಕೆಸರಿಗಿಳಿದು ಗದ್ದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ನಡೆಯುತ್ತಾ, ಅಲ್ಲಲ್ಲಿ ಬಗ್ಗಿ, ಬುಡವನ್ನು ಕೈಯಿಂದ ಮೆಲ್ಲಗೆ ತಟ್ಟಬೇಕು. ಹುಳುಗಳು ನೀರಿನ ಮೇಲೆ ಉದುರುತ್ತವೆ. ಅವು ಮತ್ತೆ ಪೈರನ್ನು ಹತ್ತಿಕೊಳ್ಳುವ ಮುನ್ನ ಎಣಿಸಬೇಕು: ಜಿಗಿಹುಳು ಎಷ್ಟು, ಜೇಡ ಎಷ್ಟು, ಜಿಗಿಹುಳುವಿನ ಮೊಟ್ಟೆಯನ್ನು ಹೀರುವ ಹಸಿರು ತಿಗಣೆ ಎಷ್ಟು. ಮರುವಾರ ಮತ್ತೆ. ಅದರ ಮರುವಾರ ಮತ್ತೆ. ನಾಟಿಯಿಂದ ಕೊಯ್ಲಿನವರೆಗೆ ಬಿಡದೆ ನಡೆಯುವ ಈ ಎಣಿಕೆಗೆ ಸನ್ಯಾಸಿಯ ತಾಳ್ಮೆ ಬೇಕು.

1970ರ ದಶಕದ ಕೊನೆಯಲ್ಲಿ ಪೀಟರ್ ಕೆನ್‌ಮೋರ್ ಎಂಬ ಅಮೆರಿಕದ ಯುವ ಸಂಶೋಧಕರು ಫಿಲಿಪ್ಪೀನ್ಸಿನ ಗದ್ದೆಗಳಲ್ಲಿ ಹೀಗೆ ಎಣಿಸಿ ಕಂಡುಕೊಂಡದ್ದು ಆಗಿನ ನಂಬಿಕೆಗೆ ತದ್ವಿರುದ್ಧವಾಗಿತ್ತು. ಕೀಟನಾಶಕ ಹೊಡೆಯದ ಗದ್ದೆಯಲ್ಲಿ ಜಿಗಿಹುಳುಗಳಿದ್ದವು, ಆದರೆ ಅವು ಮಿತಿಮೀರಲಿಲ್ಲ. ಹೊಡೆದ ಗದ್ದೆಯಲ್ಲಿ ಅವು ಅನೇಕ ಪಟ್ಟು ಹೆಚ್ಚಾದವು. ಕಾರಣ ಸರಳ. ವಿಷವು ತೆರೆದ ಜಾಗದಲ್ಲಿ ಓಡಾಡುವ ಜೇಡವನ್ನೂ ಹಸಿರು ತಿಗಣೆಯನ್ನೂ ಕೊಲ್ಲುತ್ತದೆ. ಜಿಗಿಹುಳುವಿನ ಮೊಟ್ಟೆಗಳು ಮಾತ್ರ ಗಿಡದ ಅಂಗಾಂಶದೊಳಗೆ ಬೆಚ್ಚಗಿರುತ್ತವೆ. ಕೆಲವು ದಿನಗಳಲ್ಲಿ ಮರಿಗಳು ಹೊರಬಂದಾಗ ಅವುಗಳನ್ನು ತಿನ್ನಲು ಗದ್ದೆಯಲ್ಲಿ ಯಾರೂ ಉಳಿದಿರುವುದಿಲ್ಲ. ಇಷ್ಟು ಸಾಲದೆಂಬಂತೆ, ಕೆಲವು ಕೀಟನಾಶಕಗಳ ಅಲ್ಪ ಪ್ರಮಾಣ ತಗುಲಿ ಬದುಕುಳಿದ ಹೆಣ್ಣುಹುಳುಗಳು ಮೊದಲಿಗಿಂತ ಹೆಚ್ಚು ಮೊಟ್ಟೆ ಇಡುವುದೂ ಅದೇ ಸಂಸ್ಥೆಯ ಪ್ರಯೋಗಗಳಲ್ಲಿ ಕಂಡುಬಂತು. ರೈತ ತನ್ನ ಹಣ ಕೊಟ್ಟು, ತನ್ನ ಉಸಿರಿಗೆ ವಿಷ ತುಂಬಿಕೊಂಡು, ತನ್ನ ಗದ್ದೆಯಲ್ಲಿ ಶತ್ರುವನ್ನು ಸಾಕುತ್ತಿದ್ದ.

ಈ ಸತ್ಯವನ್ನು ರಾಜ್ಯನೀತಿಯಾಗಿ ಪರಿವರ್ತಿಸಿದ ದೇಶ ಇಂಡೋನೇಷ್ಯ. 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿದ್ದ ಆ ದೇಶದ ಗದ್ದೆಗಳನ್ನು ಎರಡೇ ವರ್ಷಗಳಲ್ಲಿ ಜಿಗಿಹುಳು ಮತ್ತೆ ಸುಡತೊಡಗಿತು. ಕೀಟನಾಶಕಗಳ ಬೆಲೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಸರ್ಕಾರವೇ ಭರಿಸುತ್ತಿದ್ದ ಕಾಲ ಅದು. ಇಡಾ ನ್ಯೋಮನ್ ಓಕಾ ಮುಂತಾದ ಅಲ್ಲಿಯ ಕೀಟವಿಜ್ಞಾನಿಗಳು ಎಣಿಕೆಯ ಪುರಾವೆಗಳನ್ನು ಸರ್ಕಾರದ ಮುಂದಿಟ್ಟರು. 1986ರ ನವೆಂಬರಿನಲ್ಲಿ ಅಧ್ಯಕ್ಷರ ಆದೇಶವೊಂದು 57 ಬಗೆಯ ಕೀಟನಾಶಕಗಳನ್ನು ಭತ್ತದ ಮೇಲೆ ಬಳಸದಂತೆ ನಿಷೇಧಿಸಿತು. 1989ರ ಜನವರಿಯ ಹೊತ್ತಿಗೆ ಸಹಾಯಧನವೂ ಪೂರ್ತಿಯಾಗಿ ನಿಂತಿತು. ಮುಂದಿನ ವರ್ಷಗಳಲ್ಲಿ ಭತ್ತಕ್ಕೆ ಬಳಸುವ ಕೀಟನಾಶಕದ ಪ್ರಮಾಣ ಬಹಳವಾಗಿ ಇಳಿಯಿತು. ಅಕ್ಕಿಯ ಉತ್ಪಾದನೆ ಇಳಿಯಲಿಲ್ಲ.

ಜಾವಾ ದ್ವೀಪದ ಗದ್ದೆಗಳಲ್ಲಿ ಅನಂತರ ನಡೆದ ಇನ್ನೊಂದು ಅಧ್ಯಯನ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ವಿಲಿಯಂ ಸೆಟಲ್ ಮತ್ತು ಅವರ ಸಂಗಡಿಗರು 1996ರಲ್ಲಿ ಅದನ್ನು ಪ್ರಕಟಿಸಿದರು. ಅವರನ್ನು ಕಾಡಿದ ಪ್ರಶ್ನೆ ಇದು: ನಾಟಿಯಾದ ಹೊಸತರಲ್ಲಿ, ಬೆಳೆ ತಿನ್ನುವ ಹುಳುಗಳು ಇನ್ನೂ ಬಾರದಿರುವಾಗಲೇ, ಗದ್ದೆಯಲ್ಲಿ ಜೇಡಗಳೂ ಇತರ ಬೇಟೆಗಾರ ಕೀಟಗಳೂ ತುಂಬಿರುತ್ತವಲ್ಲ, ಅವು ಏನನ್ನು ತಿಂದು ಬದುಕುತ್ತವೆ? ಉತ್ತರ ಕೆಸರಿನಲ್ಲಿತ್ತು. ಹಿಂದಿನ ಬೆಳೆಯ ಕೂಳೆ, ಹುಲ್ಲು, ಗೊಬ್ಬರ ನೀರಿನಲ್ಲಿ ಕೊಳೆಯುವಾಗ ಅದನ್ನು ತಿಂದು ಅಸಂಖ್ಯ ಸಣ್ಣ ನೊಣಗಳು, ಸೊಳ್ಳೆಯಂಥ ಕೀಟಗಳು ಹುಟ್ಟುತ್ತವೆ. ಅವು ಭತ್ತವನ್ನು ಮುಟ್ಟುವುದೇ ಇಲ್ಲ. ಯಾರ ಪಟ್ಟಿಯಲ್ಲಿಯೂ ಅವು ಮಿತ್ರವೂ ಅಲ್ಲ, ಶತ್ರುವೂ ಅಲ್ಲ. ಆದರೆ ಅವನ್ನು ತಿಂದೇ ಜೇಡಗಳ ಸಂಸಾರ ಬೆಳೆಯುತ್ತದೆ. ಜಿಗಿಹುಳು ಬರುವ ಹೊತ್ತಿಗೆ ಕಾವಲುಗಾರರು ಆಗಲೇ ಸಿದ್ಧರಾಗಿರುತ್ತಾರೆ. ಕೆಲವು ತಾಕುಗಳಿಗೆ ಸಾವಯವ ಗೊಬ್ಬರವನ್ನು ಹೆಚ್ಚಾಗಿ ಹಾಕಿ ನೋಡಿದಾಗ ಈ ಸಣ್ಣ ಕೀಟಗಳು ಹೆಚ್ಚಿದವು, ಅವುಗಳೊಂದಿಗೆ ಬೇಟೆಗಾರರೂ ಹೆಚ್ಚಿದರು. ಅಗಸ್ಟೀನರ ಕಾರ್ಯಾಗಾರದಲ್ಲಿ ಹೆಸರು ತಿಳಿಯದೆ ಮೂಲೆಯಲ್ಲಿ ಬಿದ್ದಿದ್ದ ಸಲಕರಣೆ ಇದಲ್ಲದೆ ಮತ್ತೇನು? 'ಬೆಳೆ ಎಳೆಯದಿರುವಾಗಲೇ ಒಂದು ಸಲ ಹೊಡೆದುಬಿಡಿ, ಮುಂದೆ ನಿಶ್ಚಿಂತೆ' ಎಂಬ ಹಳೆಯ ಸಲಹೆಯು ನಾಶಮಾಡುತ್ತಿದ್ದದ್ದು ಇದನ್ನೇ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಬರೆದ 'ಲೌದಾತೊ ಸೀ' ವಿಶ್ವಪತ್ರದಲ್ಲಿ, ಕೃಷಿವಿಷಗಳಿಂದ ಕಣ್ಮರೆಯಾಗುವ ಹಕ್ಕಿಗಳೂ ಕೀಟಗಳೂ ಕೃಷಿಗೇ ಉಪಕಾರಿಗಳಾಗಿದ್ದವೆಂದು ಹೇಳುವ ಒಂದು ಪರಿಚ್ಛೇದವಿದೆ. ಅದನ್ನು ಓದುವಾಗ ನನಗೆ ನೆನಪಾದದ್ದು ಜಾವಾದ ಆ ಹೆಸರಿಲ್ಲದ ನೊಣಗಳು.

ಇನ್ನು ಕಣ್ಣಿಗೆ ಕಾಣುವ ಹಾನಿಯ ವಿಚಾರ. ರೈತ ಬೇಗ ಹೆದರುವುದು ಗರಿಯನ್ನು ಸುರುಳಿ ಸುತ್ತಿ ಹಸಿರನ್ನು ಕೆರೆದು ತಿನ್ನುವ ಹುಳುವಿಗೆ. ಬಿಳಿ ಗೀರುಗಳಿಂದ ತುಂಬಿದ ಗದ್ದೆ ದಾರಿಹೋಕರ ಕಣ್ಣಿಗೂ ಬೀಳುತ್ತದೆ. ನೆರೆಯವನು 'ಇನ್ನೂ ಔಷಧಿ ಹೊಡೆಯಲಿಲ್ಲವೇ' ಎಂದು ಕೇಳುತ್ತಾನೆ. ಆದರೆ ಎಳೆಯ ಭತ್ತಕ್ಕೆ ಕಳೆದುಕೊಂಡದ್ದನ್ನು ತುಂಬಿಕೊಳ್ಳುವ ಅದ್ಭುತ ಶಕ್ತಿಯಿದೆ. ಸಂಶೋಧಕರು ಕತ್ತರಿ ಹಿಡಿದು ಗರಿಗಳನ್ನು ತಾವೇ ಕತ್ತರಿಸಿ ಕೊಯ್ಲಿನಲ್ಲಿ ತೂಕ ನೋಡಿದರು. ಆರಂಭದ ವಾರಗಳಲ್ಲಿ ಆದ ಸಾಧಾರಣ ಹಾನಿಯಿಂದ ಇಳುವರಿ ಕಡಿಮೆಯಾಗಲಿಲ್ಲ. ಕಾಂಡ ಕೊರೆಯುವ ಹುಳುವಿನಿಂದ ಎಳೆಯ ಬೆಳೆಯಲ್ಲಿ ಒಂದೆರಡು ಸುಳಿ ಒಣಗಿದರೂ ಗಿಡ ಹೊಸ ತೆಂಡೆ ಒಡೆಯುತ್ತದೆ. ತೆನೆ ಬರುವ ಹೊತ್ತಿಗೆ ಅದೇ ಹುಳು ಬಂದರೆ ಕಾಳಿಲ್ಲದ ಬಿಳಿ ತೆನೆ ಮಾತ್ರ ಉಳಿಯುತ್ತದೆ. ಆಗ ಅದಕ್ಕೆ ಪರಿಹಾರವಿಲ್ಲ. ಒಂದೇ ಹುಳು, ಒಂದು ಸಮಯದಲ್ಲಿ ಕ್ಷಮ್ಯ, ಇನ್ನೊಂದು ಸಮಯದಲ್ಲಿ ಅಲ್ಲ. 1994ರಲ್ಲಿ ವಿಯೆಟ್ನಾಮಿನ ಲಾಂಗ್ ಆನ್ ಪ್ರಾಂತದಲ್ಲಿ ಕೆ. ಎಲ್. ಹಿಯಾಂಗ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ರೈತರ ಮುಂದೆ ಒಂದು ಸಣ್ಣ ಪರೀಕ್ಷೆಯನ್ನಿಟ್ಟರು. ಬಿತ್ತಿದ ಮೊದಲ 40 ದಿನ ಗದ್ದೆಯ ಒಂದು ಮೂಲೆಗೆ ಏನನ್ನೂ ಹೊಡೆಯಬೇಡಿ, ಉಳಿದದ್ದು ನಿಮ್ಮಿಷ್ಟ. ಕೊಯ್ಲಿನಲ್ಲಿ ನೀವೇ ಹೋಲಿಸಿ ನೋಡಿ. ಕರಪತ್ರ, ಭಿತ್ತಿಪತ್ರಗಳ ಜೊತೆಗೆ ರೇಡಿಯೊ ನಾಟಕದ ಮೂಲಕವೂ ಈ ಮಾತು ಹರಡಿತು. ರೈತರು ಸಿಂಪಡಿಸುವ ಸಲಗಳು ಸುಮಾರು ಅರ್ಧಕ್ಕೆ ಇಳಿದವು. ಕಣ್ಣಿಗೆ ಹೆಚ್ಚು ಕಾಣುವ ದೋಷವೇ ಹೆಚ್ಚು ಹಾನಿ ಮಾಡುವ ದೋಷವೆಂದು ನಂಬುವ ಚಟ ರೈತರಿಗೆ ಮಾತ್ರ ಇರುವುದೆಂದು ಭಾವಿಸಬೇಡಿ. ಹಬ್ಬದ ದಿನ ಕುಡಿದು ಗಲಾಟೆ ಮಾಡಿದವನ ಬಗ್ಗೆ ಧರ್ಮಕೇಂದ್ರದಲ್ಲಿ ವರ್ಷವಿಡೀ ಮಾತು ನಡೆಯುತ್ತದೆ. ತಮ್ಮನ ಪಾಲಿನ ಗದ್ದೆಯನ್ನು ಸದ್ದಿಲ್ಲದೆ ಒಳಗೆ ಹಾಕಿಕೊಂಡವನು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾನೆ.

ಹಿಂದಿನ ಕಾಲದಲ್ಲಿ ನಮ್ಮವರು ಹುಳುಗಳೊಂದಿಗೆ ಹೇಗೆ ವ್ಯವಹರಿಸಿದರೆಂಬುದು ಸ್ವಾರಸ್ಯಕರವಾದ ಸಂಗತಿ. ಹಳೆಯ ಲತೀನ್ ವಿಧಿಗ್ರಂಥದಲ್ಲಿ ಇಲಿ, ಮಿಡತೆ, ಹುಳುಗಳ ಕಾಟದಿಂದ ಹೊಲವನ್ನು ಕಾಪಾಡುವಂತೆ ಬೇಡುವ ಆಶೀರ್ವಾದ ವಿಧಿಯೊಂದಿತ್ತು. ಇದಕ್ಕಿಂತ ಮುಂದೆ ಹೋಗಿ, ಯುರೋಪಿನ ಕೆಲವೆಡೆ ಧರ್ಮಸಭೆಯ ನ್ಯಾಯಾಲಯಗಳಲ್ಲಿ ಹುಳುಗಳ ಮೇಲೆ ಮೊಕದ್ದಮೆ ಹೂಡಿದ್ದೂ ಉಂಟು. ಸವಾಯ್ ಸೀಮೆಯ ಸಂತ ಜೂಲಿಯನ್ ಎಂಬ ಊರಿನಲ್ಲಿ ದ್ರಾಕ್ಷಿ ತೋಟಗಳನ್ನು ಹಾಳುಮಾಡಿದ ಮೂತಿಹುಳುಗಳ ವಿರುದ್ಧ 1545ರಲ್ಲಿ ಆರಂಭವಾದ ವ್ಯಾಜ್ಯ 1587ರಲ್ಲಿ ಮತ್ತೆ ಜೀವ ತಳೆಯಿತು. ಹುಳುಗಳ ಪರವಾಗಿಯೂ ವಕೀಲರನ್ನು ನೇಮಿಸಲಾಗಿತ್ತು. ದೇವರು ಮನುಷ್ಯನಿಗಿಂತ ಮೊದಲು ಇವುಗಳನ್ನು ಸೃಷ್ಟಿಸಿದರು, ಹಸಿರು ಸಸ್ಯಗಳನ್ನು ಇವುಗಳಿಗೂ ಆಹಾರವಾಗಿ ಕೊಟ್ಟರು, ತಮ್ಮ ಹಕ್ಕನ್ನು ಚಲಾಯಿಸಿದ್ದು ಅಪರಾಧ ಹೇಗಾಗುತ್ತದೆ ಎಂದು ಅವರು ವಾದಿಸಿದರು. ಕೊನೆಗೆ ಊರವರು ಸಭೆ ಸೇರಿ, ಹುಳುಗಳ ಜೀವನಕ್ಕೆಂದು ಒಂದು ತುಂಡು ಭೂಮಿಯನ್ನು ಬಿಟ್ಟುಕೊಡಲು ಮುಂದಾದರು. ತೀರ್ಪು ಏನಾಯಿತೆಂದು ಯಾರಿಗೂ ತಿಳಿಯದು. ದಾಖಲೆಯ ಕೊನೆಯ ಹಾಳೆಯನ್ನು ಇಲಿಗಳೋ ಹುಳುಗಳೋ ತಿಂದುಹಾಕಿವೆ!

ನಗು ಬರುವುದು ಸಹಜ. ಬುದ್ಧಿಯಿಲ್ಲದ ಜೀವಿಯನ್ನು ಅದರಷ್ಟಕ್ಕೆ ಶಪಿಸುವುದು ನಿರರ್ಥಕ, ದೇವರ ಸೃಷ್ಟಿಯೆಂಬ ಕಾರಣಕ್ಕೆ ಶಪಿಸಿದರೆ ಅದು ದೇವನಿಂದೆಯೇ ಎಂದು ಸಂತ ಥಾಮಸರು ಅದಕ್ಕಿಂತ ಮೂರು ಶತಮಾನ ಮೊದಲೇ ಹೇಳಿಯಾಗಿತ್ತು. ಆದರೂ ಆ ಊರವರ ಬಗ್ಗೆ ನನಗೆ ಗೌರವವಿದೆ. ಆರೋಪಿಯ ಮಾತನ್ನೂ ಕೇಳದೆ ತೀರ್ಪು ಕೊಡಬಾರದೆಂಬ ನಿಯಮವನ್ನು ಅವರು ಹುಳುವಿಗೂ ಅನ್ವಯಿಸಿದರು. ಅವರಲ್ಲಿ ಇರದಿದ್ದದ್ದು ಎಣಿಕೆಯ ವಿದ್ಯೆ. ನಮ್ಮಲ್ಲಿ ಆ ವಿದ್ಯೆಯಿದೆ, ವಿಚಾರಣೆ ಮಾತ್ರ ಇಲ್ಲ.

ಗೋಧಿಯ ಹೊಲದಲ್ಲಿ ವೈರಿಯೊಬ್ಬ ಕಳೆ ಬಿತ್ತಿದ ಸಾಮತಿಯನ್ನು ನೀವು ಈಗಾಗಲೇ ನೆನಪಿಸಿಕೊಂಡಿರುತ್ತೀರಿ. ಕಿತ್ತುಹಾಕೋಣವೇ ಎಂದು ಆಳುಗಳು ಕೇಳಿದಾಗ ಯಜಮಾನ ಬೇಡವೆಂದ. ಕಳೆಯೊಂದಿಗೆ ಗೋಧಿಯೂ ಕಿತ್ತು ಬಂದೀತೆಂಬುದು ಅವನ ಆತಂಕ. ಕಳೆ ಒಳ್ಳೆಯದೆಂದು ಅವನು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಆಳುಗಳ ಕಣ್ಣಿಗೂ ಕೈಗೂ ಆ ಹೊತ್ತಿನಲ್ಲಿ ಸಾಕಷ್ಟು ವಿವೇಕವಿಲ್ಲವೆಂಬುದು ಅವನಿಗೆ ತಿಳಿದಿತ್ತು. ಸಂತ ಅಗಸ್ಟೀನರು ಧರ್ಮಸಭೆಯೊಳಗಿನ ಪಾಪಿಗಳನ್ನು ಸಹಿಸಿಕೊಳ್ಳಬೇಕೆಂದು ವಾದಿಸಲು ಈ ಸಾಮತಿಯನ್ನು ಮತ್ತೆ ಮತ್ತೆ ಬಳಸಿದರು. ಆದರೆ ವಿಭಜನೆಗಾರರನ್ನು ರಾಜ್ಯದ ಬಲದಿಂದ ಮಣಿಸುವುದನ್ನು ಅವರೇ ಮುಂದೆ ಸಮರ್ಥಿಸಿದರು. ತಾಳ್ಮೆಯೆಂಬುದು ಸಂತರಿಗೂ ಕೊನೆಯವರೆಗೆ ಕಷ್ಟವೇ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದನ್ನು ದಾಟಿ ಹೋಗುವುದು ಅಪ್ರಾಮಾಣಿಕತೆಯಾದೀತು. ಸಾಮತಿಯ ಯಜಮಾನ ದೊಡ್ಡ ಹೊಲದ ಒಡೆಯ, ಅವನ ಬಳಿ ಆಳುಗಳಿದ್ದರು, ಕಾಯಲು ಅವನಿಗೆ ಅನುಕೂಲವಿತ್ತು. ಅರ್ಧ ಎಕರೆ ಗೇಣಿಗದ್ದೆಯಲ್ಲಿ ಸಾಲ ತಂದು ನಾಟಿಮಾಡಿದ ವಿಧವೆಗೆ 'ಕಾಯಿರಿ, ಜೇಡಗಳು ನೋಡಿಕೊಳ್ಳುತ್ತವೆ' ಎಂದು ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು? ಅವಳ ಬೆಳೆ ಸುಟ್ಟರೆ ನಷ್ಟ ಅವಳದು. ನಮ್ಮ ಊಟಕ್ಕೆ ಯಾವ ಕುಂದೂ ಬಾರದು. ನಾಳೆ ಸಿಗಬಹುದಾದ ಇಳುವರಿಗಿಂತ ಇಂದಿನ ಭಯ ಅವಳಿಗೆ ದೊಡ್ಡದು. ಆ ಭಯಕ್ಕೆ ತಕ್ಕ ಸರಕು ಅಂಗಡಿಯಲ್ಲಿ ಸಾಲಕ್ಕೂ ಸಿಗುತ್ತದೆ. ಬಡವರ ಮೇಲೆ ಹೊರಿಸಿದ ತಾಳ್ಮೆಯನ್ನು ಸದ್ಗುಣವೆಂದು ಕರೆಯಲು ನಾನು ಸಿದ್ಧನಿಲ್ಲ.

ಆದರೆ ಅದೇ ಬಡವರು ಕಾಯದೆ ಹೊಡೆದಾಗಲೂ ಬೆಲೆ ತೆರುವುದು ಅವರೇ. ಮೈಕೆಲ್ ಲೋವಿನ್‌ಸನ್ ಎಂಬ ಸಂಶೋಧಕರು ಫಿಲಿಪ್ಪೀನ್ಸಿನ ಮಧ್ಯ ಲುಜಾನ್ ಪ್ರದೇಶದ ಮರಣ ದಾಖಲೆಗಳನ್ನು ಪರಿಶೀಲಿಸಿ, ಕೀಟನಾಶಕದ ಬಳಕೆ ಹೆಚ್ಚಿದ ವರ್ಷಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಸಾವು ಹೆಚ್ಚಿದ್ದನ್ನು 1987ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿದರು. 1993ರಲ್ಲಿ ಆಗ್ನೆಸ್ ರೋಲಾ ಮತ್ತು ಪ್ರಭು ಪಿಂಗಳಿ ಎಂಬ ಅರ್ಥಶಾಸ್ತ್ರಜ್ಞರು ರೈತರ ಚಿಕಿತ್ಸೆಯ ಖರ್ಚನ್ನೂ ಕೃಷಿಯ ಖರ್ಚಿಗೆ ಸೇರಿಸಿ ಲೆಕ್ಕ ಹಾಕಿದಾಗ, ವಿಷ ಹೊಡೆಯದೆ ನೈಸರ್ಗಿಕ ಬೇಟೆಗಾರರಿಗೆ ಬಿಟ್ಟ ಗದ್ದೆಯೇ ಹೆಚ್ಚು ಲಾಭದಾಯಕವೆಂದು ಕಂಡುಬಂತು. ನಮ್ಮ ಕರಾವಳಿಯ ಓದುಗರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ಕಥೆ ಅವರ ನೆರೆಹೊರೆಯಲ್ಲೇ ಹಾಸಿಗೆ ಹಿಡಿದು ಮಲಗಿದೆ. ಆ ವಿಷಕ್ಕೆ ದೇಶದ ಸರ್ವೋಚ್ಚ ನ್ಯಾಯಾಲಯ ತಡೆಯೊಡ್ಡಿದ್ದು 2011ರಲ್ಲಿ.

ಹಾಗಾದರೆ ದಾರಿ ಯಾವುದು? ಇಂಡೋನೇಷ್ಯದವರು ರೈತನಿಗೆ ತಾಳ್ಮೆಯ ಉಪದೇಶ ಕೊಡಲಿಲ್ಲ, ಕಣ್ಣನ್ನು ಕೊಟ್ಟರು. 1989ರಿಂದ ಅಲ್ಲಿ ಆರಂಭವಾದ ರೈತರ ಕ್ಷೇತ್ರಪಾಠಶಾಲೆಗಳಲ್ಲಿ ಸುಮಾರು 25 ಮಂದಿ ವಾರಕ್ಕೊಮ್ಮೆ ಬೆಳಿಗ್ಗೆ ಗದ್ದೆಗಿಳಿದು ಬುಡಗಳನ್ನು ತಟ್ಟಿ ಎಣಿಸುತ್ತಿದ್ದರು. ಬಳಿಕ ನೆರಳಿನಲ್ಲಿ ಕುಳಿತು ದೊಡ್ಡ ಕಾಗದದ ಮೇಲೆ ಭತ್ತದ ಗಿಡವನ್ನೂ, ಒಂದು ಬದಿಯಲ್ಲಿ ಬೆಳೆ ತಿನ್ನುವ ಹುಳುಗಳನ್ನೂ, ಇನ್ನೊಂದು ಬದಿಯಲ್ಲಿ ಅವುಗಳನ್ನು ತಿನ್ನುವ ಕೀಟಗಳನ್ನೂ ಚಿತ್ರಿಸಿ, ಈ ವಾರ ಏನು ಮಾಡಬೇಕೆಂದು ಚರ್ಚಿಸಿ ನಿರ್ಧರಿಸುತ್ತಿದ್ದರು. ಯಾವ ಕೀಟ ಯಾವುದನ್ನು ತಿನ್ನುತ್ತದೆಂದು ತಿಳಿಯದಿದ್ದರೆ ಎರಡನ್ನೂ ಬಲೆಮುಚ್ಚಿದ ಗಿಡದಲ್ಲಿ ಬಿಟ್ಟು ಮರುದಿನ ಬಂದು ನೋಡುತ್ತಿದ್ದರು. ಹತ್ತು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ರೈತರು ಹೀಗೆ ಕಲಿತರು. ಕೆಲವೊಮ್ಮೆ ಅವರ ನಿರ್ಧಾರ ವಿಷ ಹೊಡೆಯುವುದೇ ಆಗಿರುತ್ತಿತ್ತು. ಆಗ ಅದು ಭಯದಿಂದ ಹುಟ್ಟಿದ್ದಲ್ಲ, ತೀರ್ಪಿನಿಂದ ಹುಟ್ಟಿದ್ದು. ನಮ್ಮ ಕೃಷಿ ತಜ್ಞರು ಕೊಡುವ 'ಆರ್ಥಿಕ ನಷ್ಟದ ಮಿತಿ' ಎಂಬ ಲೆಕ್ಕವೂ ಇದೇ ಜಾತಿಯದು: ನೂರಕ್ಕೆ ಹತ್ತು ಸುಳಿ ಒಣಗುವವರೆಗೆ ಸಹಿಸು, ಆಮೇಲೆ ಕೈಯೆತ್ತು. ಸ್ವಲ್ಪ ನಷ್ಟವನ್ನು ನ್ಯಾಯದ ಭಾಗವಾಗಿಯೇ ಒಪ್ಪಿಕೊಳ್ಳುವ ಇಂಥ ನಿಯಮ ನಮ್ಮ ಸಂಸಾರಗಳಲ್ಲಿ ಎಷ್ಟು ಕಡೆ ಇದೆ?

ಈ ಪಾಠವನ್ನು ಒಮ್ಮೆ ಕಲಿತರೆ ಶಾಶ್ವತವಾಗಿ ಉಳಿಯುತ್ತದೆಂದೂ ಇಲ್ಲ. ಅದೇ ಜಾವಾದಲ್ಲಿ ಕೀಟನಾಶಕಗಳ ಮಾರಾಟ ಮತ್ತೆ ಸಡಿಲಗೊಂಡು, ಕಲಿಸುವವರು ಕಡಿಮೆಯಾದ ಮೇಲೆ, 2010-11ರಲ್ಲಿ ಜಿಗಿಹುಳು ಮತ್ತೆ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಒಂದು ಪೀಳಿಗೆ ಎಣಿಸಿದ್ದನ್ನು ಇನ್ನೊಂದು ಪೀಳಿಗೆ ಮರೆಯಲು ಇಪ್ಪತ್ತು ವರ್ಷ ಸಾಕಾಯಿತು.

ಗದ್ದೆಯಿರುವ ಮನೆಯವರಿಗೆ, ಅದರಲ್ಲೂ ಕ್ರೈಸ್ತೋಪದೇಶದ ತರಗತಿಗೆ ಬರುವ ಮಕ್ಕಳಿಗೆ, ಒಂದು ಕೆಲಸ ಹೇಳುತ್ತೇನೆ. ಖರ್ಚಿಲ್ಲದ ಕೆಲಸ. ನಾಟಿಯಾದ ಕೆಲವು ವಾರಗಳ ಮೇಲೆ ಬೆಳಿಗ್ಗೆ ಗದ್ದೆಗಿಳಿದು ಗರಿಗಳ ತುದಿಯ ಹತ್ತಿರ ಹುಡುಕಿ. ಕಂದು ಬಣ್ಣದ ನವಿರಾದ ಕೂದಲು ಹೊದ್ದ, ಬೇಳೆಕಾಳಿನಷ್ಟು ಅಗಲದ ಗುಪ್ಪೆ ಕಂಡರೆ ಅದು ಕಾಂಡ ಕೊರೆಯುವ ಹುಳುವಿನ ಮೊಟ್ಟೆಗಳು. ಹಿಚುಕಿಹಾಕಬೇಡಿ. ಗರಿಯ ಆ ತುಂಡನ್ನು ಕತ್ತರಿಸಿ ಗಾಜಿನ ಸೀಸೆಯೊಳಗಿಟ್ಟು, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ನೆರಳಿನಲ್ಲಿ ಇಡಿ. ಒಂದೆರಡು ವಾರ ದಿನಾ ನೋಡುತ್ತಿರಿ. ಕಪ್ಪು ತಲೆಯ ಸಣ್ಣ ಮರಿಹುಳುಗಳು ಹೊರಬಂದರೆ ಅವು ಬೆಳೆ ತಿನ್ನುವವು. ಅವನ್ನು ಕೊಲ್ಲಲು ಹಿಂಜರಿಯಬೇಕಾಗಿಲ್ಲ. ಚುಕ್ಕಿಯಂಥ ಕಪ್ಪು ಕಣಜಗಳು ಹಾರಾಡಿದರೆ, ಅವು ಆ ಮೊಟ್ಟೆಗಳನ್ನು ಒಳಗಿಂದಲೇ ತಿಂದು ಬೆಳೆದಂಥವು. ಎರಡೂ ಬಂದರೆ ಯಾವುದು ಎಷ್ಟೆಂದು ಎಣಿಸಿ ಬರೆದಿಡಿ. ಆಮೇಲೆ ಸೀಸೆಯನ್ನು ಗದ್ದೆಗೆ ಒಯ್ದು, ಕಣಜಗಳನ್ನು ಹೊರಗೆ ಬಿಡಿ.